ಅವ್ವ ನೋಡಿದ ಅನಿಮೆ

ಪೋಸ್ಟರ್ ನೋಡಿದರೇ ಹಲ್ಲು ಜುಮ್ಮೆನ್ನಬೇಕು, ಅಷ್ಟು ಸಿಹಿ. ಕೆನ್ನೆ ಕೆಂಪಾದ ಹುಡುಗಿ, ಮುಖದ ಅರ್ಧಪಾಲು ಕಣ್ಣೇ. ಪಕ್ಕದಲ್ಲಿ ಬೆಳ್ಳಿ ಕೂದಲಿನ ಎತ್ತರದ ಹುಡುಗ. ಸುತ್ತ ತಿಳಿ ಬಣ್ಣಗಳು, ನಡುವೆ ಹಿಮ. ಅನಿಮೆ ನೋಡುವವರಿಗೆ ಇಂಥ ನೂರು ಪೋಸ್ಟರ್ ಗೊತ್ತು. ನೋಡದವರಿಗೆ ಇದೊಂದೇ ಸಾಕು, ಮುಂದೆಂದೂ ನೋಡದೇ ಇರಲು. ಹುಡುಗ ನೋಡುತ್ತಾನೆ, ಹುಡುಗಿ ನಾಚುತ್ತಾಳೆ, ಒಂದು ಕಂತು ಮುಗಿಯುತ್ತದೆ. ಮುಂದಿನ ಕಂತಿನಲ್ಲಿ ಮತ್ತೆ ನಾಚುತ್ತಾಳೆ. ನಮ್ಮ ಅಪ್ಪ ಅಡುಗೆಮನೆಯಿಂದ ಇಣುಕಿ ನೋಡಿ, "ಗೊಂಬಿ ಲಗ್ನ ನಡದೈತೇನ?" ಅಂತ ಕೇಳಿ ಒಳಗೆ ಹೋದರು.

ಹೆಸರು 'ಎ ಸೈನ್ ಆಫ್ ಅಫೆಕ್ಷನ್'. ಜಪಾನಿ ಹೆಸರು 'ಯುಬಿಸಾಕಿ ತೊ ರೆನ್ರೆನ್'. ಯುಬಿಸಾಕಿ ಅಂದರೆ ಬೆರಳ ತುದಿ. ಸೂ ಮೊರಿಶಿತಾ ಎಂಬ ಒಂದೇ ಹೆಸರಿನಲ್ಲಿ ಕೆಲಸ ಮಾಡುವ ಇಬ್ಬರು, ಒಬ್ಬರು ಕಥೆಗೆ, ಇನ್ನೊಬ್ಬರು ಚಿತ್ರಕ್ಕೆ, 2019ರಿಂದ ಒಂದು ಮಾಸಪತ್ರಿಕೆಯಲ್ಲಿ ಬಿಡಿಸುತ್ತಾ ಬಂದ ಮಾಂಗಾ ಇದರ ಮೂಲ. ಆ ಪತ್ರಿಕೆಯ ಹೆಸರೇ 'ಡೆಸರ್ಟ್', ಊಟವಾದ ಮೇಲಿನ ಸಿಹಿ. ಯೂತಾ ಮುರಾನೊ ನಿರ್ದೇಶಿಸಿ ಅಜಿಯಾ-ದೊ ಸ್ಟುಡಿಯೊ ಮಾಡಿದ 12 ಕಂತುಗಳು 2024ರ ಜನವರಿಯಿಂದ ಮಾರ್ಚ್‌ವರೆಗೆ ಪ್ರಸಾರವಾದವು. ನಾವು ನೋಡಿದ್ದು ತಡವಾಗಿ, ವರ್ತಕ ನಗರದ ನಮ್ಮ ಹಳೆಯ ಮ್ಹಾಡಾ ಕಟ್ಟಡದ ಮೂರನೇ ಮಹಡಿಯಲ್ಲಿ, ದಿವಾನದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಹಚ್ಚಿಕೊಟ್ಟವಳು ಅಕ್ಕನ ಮಗಳು. ಅವಳು ಜಪಾನಿನಿಂದ ಬಂದದ್ದೇನಿದ್ದರೂ ನೋಡುವವಳು. "ಮೌಶಿ, ಇದನ್ನ ನೀ ಒಬ್ಬಾಕಿನ ನೋಡಬ್ಯಾಡ. ಅಜ್ಜೀನ್ನೂ ಕೂಡಸ್ಕೋ" ಅಂದಳು.

ಅವಳ ಅಜ್ಜಿ ಅಂದರೆ ನನ್ನ ಅವ್ವ. ಅವ್ವನಿಗೆ ಕಿವಿ ಕೇಳುವುದಿಲ್ಲ. ಎರಡೂವರೆ ವರ್ಷದಲ್ಲಿ ಮೆದುಳು ಜ್ವರ ಬಂದು ಹೋದಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತಂತೆ. ಈ ಅನಿಮೆಯ ನಾಯಕಿ ಯುಕಿಗೆ ಹುಟ್ಟಿನಿಂದಲೇ ಕೇಳುವುದಿಲ್ಲ. ಪೋಸ್ಟರಿನಲ್ಲಿ ಅದು ಕಾಣುವುದಿಲ್ಲ. ಕಿವುಡುತನ ಯಾವ ಚಿತ್ರದಲ್ಲೂ ಕಾಣುವುದಿಲ್ಲ, ಅದೇ ಅದರ ತೊಂದರೆ.

ಮೊದಲ ಕಂತು ಶುರುವಾಗುವುದು ರೈಲಿನಲ್ಲಿ. ಕಾಲೇಜಿಗೆ ಹೋಗುವ ಯುಕಿಯನ್ನು ಒಬ್ಬ ವಿದೇಶಿ ಪ್ರವಾಸಿ ದಾರಿ ಕೇಳುತ್ತಾನೆ. ಅವನ ತುಟಿ ಅವಳಿಗೆ ಗೊತ್ತಿಲ್ಲದ ಭಾಷೆಯಲ್ಲಿ ಆಡುತ್ತಿದೆ. ಆಗ ಬೆಳ್ಳಿ ಕೂದಲಿನ ಹುಡುಗ ಇತ್ಸುವೊಮಿ ಮುಂದೆ ಬಂದು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಾನೆ. ಅವನು ಮೂರು ಭಾಷೆ ಬಲ್ಲವನು, ರಜೆ ಸಿಕ್ಕರೆ ಚೀಲ ಹೆಗಲಿಗೇರಿಸಿ ದೇಶ ಸುತ್ತುವವನು. ಈ ಹುಡುಗಿಗೆ ಕೇಳುವುದಿಲ್ಲ ಎಂದು ಗೊತ್ತಾದಾಗ ಅವನ ಮುಖದಲ್ಲಿ ಒಂದು ಚೂರೂ 'ಅಯ್ಯೋ ಪಾಪ' ಬರುವುದಿಲ್ಲ. ಇನ್ನೊಂದು ಊರಿನ ಹೆಸರು ಕೇಳಿದ ಪ್ರವಾಸಿಯ ಕುತೂಹಲ ಬರುತ್ತದೆ. ಅವ್ವ ಅಲ್ಲಿ ನಿಲ್ಲಿಸು ಅಂದಳು. ಹಿಂದಕ್ಕೆ ಹೋಗಿ ಆ ಮುಖವನ್ನು ಇನ್ನೊಮ್ಮೆ ನೋಡಿದಳು. ಏನೂ ಹೇಳಲಿಲ್ಲ.

ರೈಲು ಅಂದರೆ ಅವ್ವನಿಗೆ ಬರೀ ರೈಲಲ್ಲ. ಠಾಣೆಯವರು ಮಾತೆತ್ತಿದರೆ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಬಂದು ನಿಂತದ್ದು ನಮ್ಮೂರಲ್ಲಿ ಅಂತ ಹೆಮ್ಮೆಪಡುತ್ತಾರೆ. ಅವ್ವನಿಗೆ ಠಾಣೆ ಸ್ಟೇಷನ್ನಿನ ಇತಿಹಾಸ ಶುರುವಾಗುವುದು 2001ರಲ್ಲಿ. ಆ ವರ್ಷ ಅವಳಿಗೆ ದಾದರಿನ ಒಂದು ಹೊಲಿಗೆ ಘಟಕದಲ್ಲಿ ಕೆಲಸ ಸಿಕ್ಕಿತು. ಅಂಗವಿಕಲರ ಡಬ್ಬಿಯಲ್ಲಿ ಹೋಗಿಬರಲು ಪಾಸು ಸಿಕ್ಕಿತು. ಆ ಡಬ್ಬಿ ಹತ್ತಿದ ಮೊದಲ ವಾರವೇ ಅವಳು ತನ್ನ ಜೀವನದಲ್ಲಿ ಮೊದಲ ಸಲ ಮೂರು ಜನ ಬೆಳೆದ ಹೆಂಗಸರು ಕೈಯಲ್ಲಿ ಜಗಳ ಆಡುವುದನ್ನು ಕಂಡಳು. ಮೂವರೂ ಬಾಯಿ ತೆರೆಯದೆ ಜೋರಾಗಿ ಜಗಳ ಆಡುತ್ತಿದ್ದರು. ಮನೆಗೆ ಬಂದು ಅಪ್ಪನಿಗೆ ಅದನ್ನು ಮಾಡಿ ತೋರಿಸಿದಳಂತೆ.

ಅದಕ್ಕೆ ಮುಂಚೆ ಅವಳಿಗೆ ಇದ್ದ ಭಾಷೆ ಎಂಥದು? ಧಾರವಾಡದ ಕಡೆಯ ಒಂದು ಕಿವುಡ ಮಕ್ಕಳ ಶಾಲೆಯಲ್ಲಿ ಏಳನೇತ್ತೆವರೆಗೆ ಓದಿದ್ದಳು. ಅಲ್ಲಿ ಕೈ ಆಡಿಸಿದರೆ ಪಟ್ಟಿಯಿಂದ ಹೊಡೆತ. ಬಾಯಿಂದ ಮಾತಾಡಬೇಕು, ತುಟಿ ನೋಡಿ ತಿಳಿಯಬೇಕು. ಇದು ಆ ಒಂದು ಶಾಲೆಯ ಹುಚ್ಚಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಬಹುಪಾಲು ಕಿವಿ ಕೇಳುವ ಶಿಕ್ಷಕರದೇ, ಸನ್ನೆ ಭಾಷೆ ಬೇಡ, ಬಾಯಿಮಾತೇ ಬೇಕು ಎಂದು ಠರಾವು ಮಾಡಿತು. ಅದರ ನೆರಳು ಪ್ರಪಂಚದ ತುಂಬ ಬಿತ್ತು. ನೂರು ವರ್ಷದ ಮೇಲೆ ಧಾರವಾಡದ ಕಡೆಯ ಒಬ್ಬ ಹುಡುಗಿಯ ಬೆರಳಿನ ಮೇಲೂ ಬಿತ್ತು. ಮನೆಯಲ್ಲಿ ಅಜ್ಜಿ, ಮಾವ ಸೇರಿ ಮಾಡಿಕೊಂಡ ಇಪ್ಪತ್ತು ಮೂವತ್ತು ಸನ್ನೆ ಇದ್ದವು. ಊಟ, ನೀರು, ನಿದ್ದೆ, ಅಪ್ಪ ಬಂದ, ಸುಮ್ಮನಿರು. ಒಂದು ಜೀವಮಾನಕ್ಕೆ ಮೂವತ್ತು ಶಬ್ದ!

ಆಮೇಲಿನದೆಲ್ಲ ಲೋಕಲ್ ರೈಲಿನ ದಾನ. ಠಾಣೆಯಿಂದ ದಾದರಿಗೆ ಹೋಗುತ್ತಾ ಅವ್ವ ಭಾರತೀಯ ಸನ್ನೆ ಭಾಷೆ ಕಲಿತಳು. ಡಬ್ಬಿಯಲ್ಲಿ ಗದ್ದಲ ಎಷ್ಟಿದ್ದರೂ ಅವರ ಮಾತಿಗೆ ಅಡ್ಡಿಯಿಲ್ಲ. ಗಾಡಿ ಹೊರಟ ಮೇಲೂ ಪ್ಲಾಟ್‌ಫಾರ್ಮಿನಲ್ಲಿದ್ದವಳ ಜೊತೆ ಮಾತು ಮುಂದುವರಿಸಬಹುದು, ಕಣ್ಣಿಗೆ ಕಾಣುವಷ್ಟು ದೂರ. ಇಳಿಯಬೇಕಾದ ಸ್ಟೇಷನ್ ಬಂದರೂ ಮಾತು ಮುಗಿಯದೆ ಮುಂದೆ ಹೋಗಿ ತಿರುಗಿ ಬಂದದ್ದೂ ಉಂಟು. ಅಪ್ಪ ಅಡುಗೆ ಮಾಡಿ ಕಾದಿದ್ದೂ ಉಂಟು. ಬೆಲ್ಜಿಯಂನ ಅನ್ನೆಲೀಸ್ ಕುಸ್ಟರ್ಸ್ ಎಂಬ, ಸ್ವತಃ ಕಿವಿ ಕೇಳದ ಸಂಶೋಧಕಿ, ಮುಂಬೈ ಲೋಕಲ್‌ನ ಈ ಡಬ್ಬಿ ಕಿವುಡರಿಗೆ ಹೇಗೆ ಸೇರುವ ಜಾಗವಾಯಿತು, ಸುದ್ದಿಯ ಕಟ್ಟೆಯಾಯಿತು ಎಂದು 2009ರಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ಮುಂಬೈಯ ಕಿವುಡರು ಅಂಗಡಿ, ಸಂತೆ, ರಸ್ತೆಗಳಲ್ಲಿ ಕೇಳುವವರ ಜೊತೆ ಹೇಗೆ ವ್ಯವಹರಿಸುತ್ತಾರೆಂದು 'ಇಶಾರೆ' ಎಂಬ ಸಾಕ್ಷ್ಯಚಿತ್ರವನ್ನೂ 2015ರಲ್ಲಿ ಮಾಡಿದರು. ಅದನ್ನು ಅವ್ವನಿಗೆ ತೋರಿಸಿದಾಗ ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ. ಮೀನು ಮಾರುವವಳ ಮುಖ ನೋಡಿ ದರ ಸರಿಯೋ ತಪ್ಪೋ ಅಂತ ಲೆಕ್ಕ ಹಾಕುತ್ತಾ ಕೂತಳು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಒಂದು ಸಿಹಿ ಪ್ರೇಮಕಥೆಯನ್ನು ನೋಡಲು ಕೂತ ಮೂವರಲ್ಲಿ ನಿಜವಾದ ಪ್ರೇಕ್ಷಕಿ ಯಾರು ಅಂತ ನಿಮಗೆ ಗೊತ್ತಿರಲಿ. ಅಕ್ಕನ ಮಗಳು ಹಿನ್ನೆಲೆ ಸಂಗೀತ ಕೇಳುತ್ತಿದ್ದಳು. ನಾನು ಇಂಗ್ಲಿಷ್ ಸಬ್‌ಟೈಟಲ್ ಓದಿ ಅವ್ವನಿಗೆ ಕೈಯಲ್ಲಿ ಹೇಳುತ್ತಿದ್ದೆ. ಅವ್ವ ಚಿತ್ರ ನೋಡುತ್ತಿದ್ದಳು. ಹತ್ತು ನಿಮಿಷಕ್ಕೆ ಅವಳ ಮೊದಲ ತೀರ್ಪು ಬಂತು. ಬಾಯಿ ತೋರಿಸಿ, ಬೆರಳು ಅಡ್ಡ ಆಡಿಸಿ: ಇವರ ಬಾಯಿ ಸುಳ್ಳು.

ಅದು ನಿಜ. ಅನಿಮೆಯಲ್ಲಿ ಬಾಯಿ ಸುಳ್ಳೇ. ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು ಅಂತ ಎರಡು ಮೂರು ಚಿತ್ರ ಬಿಡಿಸಿ ಅವನ್ನೇ ತಿರುಗಿಸಿ ಮುರುಗಿಸಿ ಹಾಕಿದರೆ ಮಾತಾಯಿತು. 1963ರಲ್ಲಿ ಒಸಾಮು ತೆಜುಕಾ 'ಆಸ್ಟ್ರೋ ಬಾಯ್' ಅನ್ನು ವಾರಕ್ಕೊಂದರಂತೆ ಟಿವಿಗೆ ಕೊಡಲು ಹೊರಟಾಗ ಹಣ, ಸಮಯ ಎರಡೂ ಕಡಿಮೆ. ಆಗ ರೂಢಿಯಾದ ಉಳಿತಾಯದ ಉಪಾಯಗಳಲ್ಲಿ ಇದೂ ಒಂದು. ನಮಗೆ ಕಿವಿ ಇರುವುದರಿಂದ ಮೋಸ ಗೊತ್ತಾಗುವುದಿಲ್ಲ. ತುಟಿ ಓದಿ ಬದುಕಿದವಳಿಗೆ ಅದು ಬಾಯಿಯೇ ಅಲ್ಲ, ಚಿಟಿಕೆ ತೆರೆದು ಮುಚ್ಚುವ ಚೀಲ.

ಇಪ್ಪತ್ತು ನಿಮಿಷಕ್ಕೆ ಎರಡನೇ ತೀರ್ಪು: ಕೈ ಸುಳ್ಳಲ್ಲ.

ಇಲ್ಲಿಂದಾಚೆ ನಾನೂ ಕೈಗಳನ್ನೇ ನೋಡತೊಡಗಿದೆ. ಚಿತ್ರ ಬಿಡಿಸುವ ಯಾರನ್ನಾದರೂ ಕೇಳಿ, ಎಲ್ಲಕ್ಕಿಂತ ಕಷ್ಟ ಕೈ ಅನ್ನುತ್ತಾರೆ. ಐದು ಬೆರಳು, ಗೆಣ್ಣುಗಳು, ಒಂದರ ಹಿಂದೆ ಇನ್ನೊಂದು. ಉಳಿತಾಯ ಮಾಡುವ ಅನಿಮೆ ಕೈಯನ್ನು ಜೇಬಿನಲ್ಲಿ ಇಡಿಸುತ್ತದೆ, ಇಲ್ಲವೇ ಚೌಕಟ್ಟಿನ ಹೊರಗೆ ಬಿಡುತ್ತದೆ. ಇಲ್ಲಿ ಅದು ಸಾಧ್ಯವಿಲ್ಲ, ಯಾಕೆಂದರೆ ನಾಯಕಿಯ ಮಾತು ಇರುವುದೇ ಅಲ್ಲಿ. ಪೋಸ್ಟರಿನ ಮೇಲೆ ಅಗ್ಗದ ಸಕ್ಕರೆ ಅನ್ನಿಸುವ ಈ ಕಥೆ, ಒಳಗೆ ಅತ್ಯಂತ ದುಬಾರಿಯಾದ ಕೆಲಸವನ್ನೇ ಕೈಗೆತ್ತಿಕೊಂಡಿದೆ. ಸನ್ನೆ ಮಾಡುವ ಮುಂಚಿನ ಅರೆಗಳಿಗೆ, ಮುಗಿದ ಮೇಲೆ ಬೆರಳು ಇಳಿಯುವ ರೀತಿ, ಅವಸರದಲ್ಲಿ ಸನ್ನೆ ಚಿಕ್ಕದಾಗುವುದು, ಹೊಸದಾಗಿ ಕಲಿತವನ ಕೈ ಬಿಗಿಯಾಗಿರುವುದು, ಇವೆಲ್ಲ ಅಲ್ಲಿವೆ. ಜಪಾನಿನ ಸನ್ನೆ ಭಾಷೆ ಬೇರೆ, ನಮ್ಮದು ಬೇರೆ. ಪ್ರಪಂಚದ ಕಿವುಡರೆಲ್ಲ ಒಂದೇ ಭಾಷೆ ಆಡುತ್ತಾರೆ ಅಂದುಕೊಂಡವರು ಬಹಳ, ಅದು ಹಾಗಲ್ಲ. ನಮ್ಮಲ್ಲಿ ಇಂಗ್ಲಿಷ್ ಅಕ್ಷರ ತೋರಿಸಲು ಎರಡು ಕೈ ಬೇಕು, ಬ್ರಿಟಿಷರ ರೂಢಿ. ಜಪಾನಿನವರು ತಮ್ಮ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ. ಆದರೂ ಅವ್ವ ಅಲ್ಲೊಂದು ಇಲ್ಲೊಂದು ಹಿಡಿದಳು. ನಾನು ಸಬ್‌ಟೈಟಲ್ ಓದಿ ಹೇಳುವುದಕ್ಕೆ ಮುಂಚೆ, ಗೊತ್ತಾಯಿತು, ಗೊತ್ತಾಯಿತು ಅಂತ ನನ್ನ ಕೈ ಸರಿಸಿದಳು. ಮರಾಠಿ ಬರದ ಕನ್ನಡಿಗ ಠಾಣೆಯ ತರಕಾರಿ ಅಂಗಡಿಯಲ್ಲಿ ಅರ್ಧ ತಿಳಿದು ಅರ್ಧ ಊಹಿಸಿ ನಿಲ್ಲುತ್ತಾನಲ್ಲ, ಅದೇ ಮುಖ.

ತುಟಿ ಓದುವ ವಿಷಯದಲ್ಲಿ ಮಾತ್ರ ಅವ್ವ ಕಥೆಯನ್ನು ನಂಬಲಿಲ್ಲ. ಯುಕಿ ಎದುರಿಗಿದ್ದವರ ತುಟಿ ನೋಡಿ ಸಾಕಷ್ಟು ತಿಳಿದುಕೊಳ್ಳುತ್ತಾಳೆ. ಇದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಕನ್ನಡಿ ಮುಂದೆ ನಿಂತು, ದನಿ ತೆಗೆಯದೆ, ಮೊದಲು 'ಅಪ್ಪ' ಅನ್ನಿ, ಆಮೇಲೆ 'ಅಮ್ಮ' ಅನ್ನಿ. ಏನಾದರೂ ವ್ಯತ್ಯಾಸ ಕಂಡಿತೇ? ಪ, ಬ, ಮ ಮೂರಕ್ಕೂ ತುಟಿ ಕೂಡುವುದು ಒಂದೇ ರೀತಿ. ಕ, ಗ ಹುಟ್ಟುವುದು ಗಂಟಲ ಹತ್ತಿರ, ಅವು ಕಾಣುವುದೇ ಇಲ್ಲ. ಹಾಲು, ಕಾಲು ಎರಡೂ ಒಂದೇ. ನಮ್ಮ ಪುಣ್ಯ, ನಮ್ಮ ಕಡೆ 'ಅವ್ವ' ಅನ್ನುತ್ತಾರೆ, ವಕಾರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗುವುದು ಕಾಣುತ್ತದೆ. ಮನೆಯಲ್ಲಿ ಯಾರು ಯಾರನ್ನು ಕರೆದರು ಅನ್ನುವುದಾದರೂ ಅವಳಿಗೆ ಗೊತ್ತಾಗುತ್ತಿತ್ತು. ಹೀಗೆ ಕಷ್ಟಪಟ್ಟು ಕನ್ನಡದ ತುಟಿ ಕಲಿತವಳು 1991ರಲ್ಲಿ ಮದುವೆಯಾಗಿ ಠಾಣೆಗೆ ಬಂದಳು. ಇಲ್ಲಿ ತುಟಿಗಳೆಲ್ಲ ಮರಾಠಿಯಾಗಿದ್ದವು. ಬಸ್ಸಿನಲ್ಲಿ ಹಿಂದಿ, ಬ್ಯಾಂಕಿನಲ್ಲಿ ಇಂಗ್ಲಿಷು, ಕಿರಾಣಿ ಅಂಗಡಿಯವನ ಬಾಯಲ್ಲಿ ತಂಬಾಕು. ನಾವು ವಲಸೆ ಬಂದವರು ಹೊಸ ಭಾಷೆಯನ್ನು ಕಿವಿಯಲ್ಲಿ ಕಲಿಯುತ್ತೇವೆ, ಆರು ತಿಂಗಳಲ್ಲಿ 'ಕಿತಿ ಝಾಲೆ' ಅನ್ನುತ್ತೇವೆ. ಅವಳ ವಲಸೆ ನಮ್ಮದಕ್ಕಿಂತ ದೂರದ್ದು.

ಮೂರನೇ ಕಂತಿನ ಹೊತ್ತಿಗೆ ಅವ್ವ ಕೇಳಿದ ಒಂದು ಪ್ರಶ್ನೆಗೆ ನನ್ನ ಬಳಿ ಈಗಲೂ ಉತ್ತರ ಇಲ್ಲ. ಯುಕಿ ಬಾಯಿಂದ ಮಾತಾಡುವುದಿಲ್ಲ, ಆದರೆ ಅವಳ ಮನಸ್ಸಿನ ಮಾತು ನಮಗೆ ಉದ್ದಕ್ಕೂ ಕೇಳಿಸುತ್ತದೆ. ಸುಮಿರೆ ಮೊರೊಹೊಶಿ ಎಂಬ ನಟಿಯ ಮೆಲುದನಿಯಲ್ಲಿ. ನಾನು ಅದನ್ನು ಸನ್ನೆಯಲ್ಲಿ ಹೇಳುತ್ತಿದ್ದೆ. ಅವ್ವ, ಇದನ್ನು ಯಾರು ಹೇಳುತ್ತಿರುವುದು ಅಂತ ಕೇಳಿದಳು. ಹುಡುಗಿಯೇ, ಮನಸ್ಸಿನಲ್ಲಿ, ಅಂದೆ. ಅವಳ ಕೈ ಆಡುತ್ತಿಲ್ಲವಲ್ಲ ಅಂದಳು. ದನಿ ಕೇಳುತ್ತಿದೆ ಅಂದೆ. ಅವ್ವ ನನ್ನನ್ನೂ ಲ್ಯಾಪ್‌ಟಾಪನ್ನೂ ಒಮ್ಮೆ ನೋಡಿ, ಯಾರ ದನಿ, ಅವಳಿಗೇ ಗೊತ್ತಿಲ್ಲದ ದನಿ ಅವಳ ತಲೆಯಲ್ಲಿ ಹೇಗೆ ಬಂತು ಅಂದಳು. ಆಮೇಲೆ ತನ್ನ ಎರಡೂ ಕೈ ತೋರಿಸಿ, ನನ್ನ ತಲೆಯೊಳಗೆ ಇವು ಇವೆ, ಅಂದಳು. ಕೇಳುವವರಿಗಾಗಿ ಮಾಡಿದ ಕಥೆಯ ಮಿತಿ ಅದು. ಆ ಮೆಲುದನಿ ಇಲ್ಲದಿದ್ದರೆ ನಾವು ಎಷ್ಟು ಜನ ಎರಡನೇ ಕಂತಿಗೆ ಬರುತ್ತಿದ್ದೆವು ಅನ್ನುವುದೂ ಇದೆ.

ಕಿವುಡರ ಕಥೆ ನಮಗೆ ಹೊಸದಲ್ಲ. ಗುಲ್ಜಾರರ 'ಕೋಶಿಶ್' 1972ರದು. ಸಂಜೀವ್ ಕುಮಾರ್, ಜಯಾ ಭಾದುರಿ ಅದರಲ್ಲಿ ಕಿವುಡ ಗಂಡ ಹೆಂಡತಿ. 1996ರ 'ಖಾಮೋಶಿ'ಯಲ್ಲಿ ನಾನಾ ಪಾಟೇಕರ್, ಸೀಮಾ ಬಿಸ್ವಾಸ್ ಕಿವುಡ ತಂದೆತಾಯಿ, ಮಗಳು ಹಾಡುಗಾರ್ತಿ. ನನ್ನ ಪರಿಚಯವಾದವರೆಲ್ಲ ಆ ಸಿನಿಮಾ ನೋಡಿದ್ದೀಯಾ ಅಂತ ಕೇಳಿದ್ದಾರೆ. ನೋಡಿದ್ದೇನೆ, ನಾನು ಹಾಡುವುದಿಲ್ಲ. ಅನಿಮೆಯಲ್ಲೇ 2016ರ 'ಎ ಸೈಲೆಂಟ್ ವಾಯ್ಸ್' ಇದೆ, ಶಾಲೆಯಲ್ಲಿ ಕಿವುಡ ಹುಡುಗಿಯನ್ನು ಪೀಡಿಸಿದವನ ಕಥೆ. ಬಹಳ ಒಳ್ಳೆಯ ಚಿತ್ರ. ಆದರೆ ಇವುಗಳಲ್ಲೆಲ್ಲ ಕಿವುಡುತನ ಅಂದರೆ ಕಣ್ಣೀರು, ಅದನ್ನು ಗೆಲ್ಲಬೇಕು, ಇಲ್ಲವೇ ಅದರಿಂದ ಯಾರಾದರೂ ಪಾಠ ಕಲಿಯಬೇಕು. ಅಕ್ಕನ ಮಗಳು ಹಚ್ಚಿಕೊಟ್ಟ ಈ ಗೊಂಬೆ ಲಗ್ನದ ಕಥೆಯಲ್ಲಿ ಯುಕಿ ಯಾರಿಗೂ ಪಾಠವಲ್ಲ. ಯಾವ ಬಟ್ಟೆ ಹಾಕಿಕೊಳ್ಳಲಿ ಅಂತ ಯೋಚಿಸುತ್ತಾಳೆ. ಅವನ ಮೆಸೇಜ್ ಬಂತೇ ಅಂತ ಫೋನ್ ನೋಡುತ್ತಾಳೆ. ಇದೇ ಸಿಹಿಯನ್ನು ನೋಡಿ ನಾವು ಮೂಗು ಮುರಿಯುವುದು, ಆದರೆ ಕಿವುಡ ಹುಡುಗಿಗೆ ಈ ಸಣ್ಣ ಸಂಭ್ರಮ ಕೊಟ್ಟ ಕಥೆ ಎಷ್ಟಿವೆ? ಅವ್ವ ಹಿಂದೆಂದೂ ಪರದೆಯ ಮೇಲೆ ನಾಚಿಕೊಳ್ಳುವ ಕಿವುಡ ಹುಡುಗಿಯನ್ನು ನೋಡಿರಲಿಲ್ಲ. ನೋಡಿ ನಕ್ಕಳು, ಬಾಯಿಗೆ ಸೆರಗು ಹಿಡಿದುಕೊಂಡು.

ಕಥೆಯಲ್ಲಿ ಇನ್ನೊಬ್ಬನಿದ್ದಾನೆ, ಓಶಿ. ಯುಕಿಯ ಬಾಲ್ಯದ ಗೆಳೆಯ. ಅವಳಿಗಾಗಿ ಸನ್ನೆ ಭಾಷೆ ಕಲಿತವನು, ಚೆನ್ನಾಗಿ ಬಲ್ಲವನು. ಆದರೆ ಅವಳೊಡನೆ ಆಡುವುದೆಲ್ಲ ಕುಟುಕು ಮಾತು: ಹುಷಾರು, ನಿನಗೆ ತಿಳಿಯುವುದಿಲ್ಲ, ಅವನನ್ನು ನಂಬಬೇಡ. ಪ್ರೇಮಕಥೆಯ ಲೆಕ್ಕದಲ್ಲಿ ಇವನು ಹೊಟ್ಟೆಕಿಚ್ಚಿನ ಎರಡನೇ ಹುಡುಗ, ಅಷ್ಟೇ. ಅವ್ವ ಮಾತ್ರ ಅವನನ್ನು ಕಂಡೊಡನೆ ನಮ್ಮ ಮಾವನ ಸನ್ನೆ ಮಾಡಿದಳು, ಮೂಗಿನ ಮೇಲೆ ಕನ್ನಡಕ ಏರಿಸಿದ ಹಾಗೆ. ಅವಳ ತಮ್ಮ ಅವನು. ಚಿಕ್ಕಂದಿನಿಂದ ಅವಳ ಜೊತೆ ಬೆಳೆದು ಎಲ್ಲರಿಗಿಂತ ಚೆನ್ನಾಗಿ ಅವಳನ್ನು ತಿಳಿದವನು, ಜೀವ ಬಿಡುವಷ್ಟು ಪ್ರೀತಿ. ಯಾರಾದರೂ ಅವಳಿಗೆ ಏನಾದರೂ ಕೇಳಿದರೆ ಅವಳ ಕಡೆ ತಿರುಗದೇ, "ಅಕಿಗೆ ಅದೆಲ್ಲ ಬ್ಯಾಡ್ರಿ" ಅನ್ನುತ್ತಾನೆ. ಹೊಲದ ಪಾಲಿನ ಕಾಗದದ ಮೇಲೆ ಸಹಿ ಹಾಕುವಾಗಲೂ ಹಾಗೇ ಆಯಿತು. ಭಾಷೆ ಬಲ್ಲವನು ಸೇತುವೆಯೂ ಆಗಬಹುದು, ಬೇಲಿಯೂ ಆಗಬಹುದು. ಇದನ್ನು ಇಷ್ಟು ಮೆತ್ತಗೆ, ಓಶಿಯನ್ನು ಖಳನಾಯಕನನ್ನಾಗಿ ಮಾಡದೆ ಹೇಳಿದ್ದು ನನಗೆ ಈ ಅನಿಮೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ ಸಂಗತಿ. ಇತ್ಸುವೊಮಿಗೆ ಆ ಭಾಷೆ ಬರುವುದೇ ಇಲ್ಲ. ಕಲಿಸು ಅಂತ ಅವಳನ್ನೇ ಕೇಳುತ್ತಾನೆ. ಅದುವರೆಗೆ ಎಲ್ಲರ ತುಟಿಯ ಹಿಂದೆ ಓಡುತ್ತಿದ್ದವಳು ಒಂದೇ ಗಳಿಗೆಯಲ್ಲಿ ಟೀಚರ್ ಆಗಿಬಿಡುತ್ತಾಳೆ.

ಇಂಥ ಹುಡುಗ ಎಲ್ಲಿರುತ್ತಾನೆ ಅಂತ ನೀವು ಕೇಳಬಹುದು. ಅಕ್ಕನ ಮಗಳೂ ಕೇಳಿದಳು. ಇತ್ಸುವೊಮಿ ತೀರಾ ಪರಿಪೂರ್ಣ. ಸಿಟ್ಟಿಲ್ಲ, ಗೊಂದಲವಿಲ್ಲ, ಕೂದಲು ಕೂಡ ಕೆದರುವುದಿಲ್ಲ. ಸುತ್ತಮುತ್ತಲಿನವರೂ ಬಹುಪಾಲು ಒಳ್ಳೆಯವರೇ. ಬ್ಯಾಂಕಿನ ಕೌಂಟರಿಲ್ಲ, ಆಸ್ಪತ್ರೆಯ ಟೋಕನ್ ಕೂಗುವವರಿಲ್ಲ. ಅವ್ವನ ಬದುಕಿನ ಮುಕ್ಕಾಲು ಪಾಲು ಆ ಕೌಂಟರುಗಳ ಮುಂದೆಯೇ ಕಳೆದಿದೆ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಕಿವಿಯ ತೊಂದರೆ ಇರುವವರು 50 ಲಕ್ಷ. ಭಾರತೀಯ ಸನ್ನೆ ಭಾಷೆಗೆಂದೇ ಒಂದು ಕೇಂದ್ರ ದೆಹಲಿಯಲ್ಲಿ ಶುರುವಾದದ್ದು 2015ರಲ್ಲಿ, ಅದರ ಮೊದಲ ನಿಘಂಟು ಬಂದದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಅವ್ವನ ದಾದರಿನ ಗೆಳತಿಯರಿಗೆಲ್ಲ ಮೊಮ್ಮಕ್ಕಳಾಗಿದ್ದರು.

ನನ್ನ ಮನೆಯಲ್ಲಿ ಕೂತು ಈ ಪ್ರೇಮಕಥೆಯನ್ನು ಬರೀ ಪ್ರೇಮಕಥೆಯಾಗಿ ನೋಡಲು ಸಾಧ್ಯವಿಲ್ಲದಿರುವುದಕ್ಕೆ ಇನ್ನೊಂದು ಕಾರಣವಿದೆ. ನನಗೆ ಮೂವತ್ತೊಂದು. ಎರಡು ವರ್ಷದಿಂದ ಹುಡುಗರು ಬಂದು ಹೋಗುತ್ತಿದ್ದಾರೆ. ಬಂದವರ ಮೊದಲ ಪ್ರಶ್ನೆ ನನ್ನ ಬಗ್ಗೆ ಅಲ್ಲ. ಚಹಾ ಬರುವುದಕ್ಕೆ ಮುಂಚೆ ಯಾರಾದರೊಬ್ಬ ಹಿರಿಯರು ಅಪ್ಪನ ಹತ್ತಿರ ಸರಿದು, "ಇದು ವಂಶದಾಗ ಬಂದದ್ದೇನ್ರಿ?" ಅಂತ ಮೆಲ್ಲಗೆ ಕೇಳುತ್ತಾರೆ. ಕೇಳದವಳ ಮುಂದೆ ಮೆಲ್ಲಗೆ ಯಾಕೆ ಅಂತ ನನಗೆ ನಗು ಬರುತ್ತದೆ. ಅಪ್ಪ ಜ್ವರದ ಕಥೆ ಹೇಳುತ್ತಾರೆ. ಆಮೇಲೆ ಅವರು ಅವ್ವನ ಮುಖದ ಹತ್ತಿರ ಬಾಯಿ ತಂದು, "ಊಟ ಆತ್ರೀ?" ಅಂತ ಕೂಗುತ್ತಾರೆ. ಕೂಗಿದಾಗ ತುಟಿ ಸೊಟ್ಟಗಾಗಿ ಇದ್ದದ್ದೂ ತಿಳಿಯುವುದಿಲ್ಲ. ಅವ್ವ ನಗುತ್ತಾಳೆ. ಅವರು ನನ್ನ ಕಡೆ ತಿರುಗಿ, "ಅವರಿಗೆ ಹೇಳ್ರಿ, ಮನಿ ಭಾಳ ಛಂದ ಇಟ್ಟಾರ" ಅನ್ನುತ್ತಾರೆ. ನಾನು ಹೇಳುತ್ತೇನೆ. ಅವ್ವ ಏನೋ ಅನ್ನುತ್ತಾಳೆ, ಅದನ್ನು ತಿರುಗಿ ಹೇಳುತ್ತೇನೆ. ನನ್ನನ್ನು ನೋಡಲು ಬಂದವರ ಮುಂದೆ ನಾನು ನಾನಾಗಿ ಆಡಿದ ಮಾತು ಹತ್ತು ಇರಬಹುದು, ದುಭಾಷಿಯಾಗಿ ಆಡಿದ್ದು ನೂರು. ಅವ್ವ ಹೇಳಿದ್ದೆಲ್ಲವನ್ನೂ ಹೇಳುವ ಹಾಗೂ ಇಲ್ಲ. ಒಮ್ಮೆ, ಈ ಹುಡುಗನ ಅವ್ವ ಬಂದಾಗಿನಿಂದ ಫ್ಯಾನಿನ ಧೂಳು ನೋಡುತ್ತಿದ್ದಾಳೆ, ಅಂದಳು. "ಚಹಾಕ್ಕ ಸಕ್ಕರಿ ಸಾಕಾತೇನ್ರಿ ಅಂತ ಕೇಳಾಕತ್ತಾಳ" ಅಂದೆ.

ಈ ಎರಡು ವರ್ಷದಲ್ಲಿ ಒಬ್ಬ ಹುಡುಗನೂ ಅವ್ವನ ಕಡೆ ಮುಖ ಮಾಡಿ ಮಾತಾಡಿರಲಿಲ್ಲ. ಹುಡುಗರು ಕೆಟ್ಟವರೇನಲ್ಲ. ಮಾತು ಎಲ್ಲಿಂದ ಬರುತ್ತದೋ ಅಲ್ಲಿಗೆ ಮುಖ ತಿರುಗುವುದು ಮನುಷ್ಯರ ಅಭ್ಯಾಸ. ದುಭಾಷಿ ಇದ್ದರೆ ದುಭಾಷಿಯ ಮುಖ ನೋಡುತ್ತಾರೆ. ಅಪ್ಪನೂ ಮೊದಲು ಹಾಗೇ ಇದ್ದರಂತೆ. ಮದುವೆಗೆ ಮುಂಚೆ ಹುಡುಗಿಯ ಒಪ್ಪಿಗೆ ಕೇಳಿದ್ದೂ ಮಾವನ ಮುಖ ನೋಡಿಯೇ. ಅಪ್ಪ ವಾಗಳೆ ಎಸ್ಟೇಟಿನಲ್ಲಿ ಮೂರು ಪಾಳಿ ದುಡಿಯುತ್ತಿದ್ದ ಕಾರ್ಮಿಕ, ಮದುವೆಯಾದ ಹತ್ತು ವರ್ಷದ ಮೇಲೆ ಅವ್ವನ ಜೊತೆಗೇ ಸನ್ನೆ ಕಲಿತರು. ಅವಳು ರೈಲಿನಲ್ಲಿ ಕಲಿತು ಬಂದದ್ದನ್ನು ರಾತ್ರಿ ಅಪ್ಪನಿಗೆ ಹೇಳಿಕೊಡುತ್ತಿದ್ದಳು, ನಾನೂ ಅಕ್ಕನೂ ನಡುವೆ ಕೂತು ಕಲಿತೆವು. ಗೊಂಬೆ ಲಗ್ನ ಅಂತ ನಕ್ಕು ಒಳಗೆ ಹೋದವರು ಐದನೇ ಕಂತಿನಿಂದ ದಿವಾನದ ತುದಿಯಲ್ಲಿ ಕೂತಿದ್ದರು. ನಾಲ್ಕನೇ ಪ್ರೇಕ್ಷಕ. ಹುಡುಗ ತಪ್ಪು ಸನ್ನೆ ಮಾಡಿದಾಗ ಅವರಿಗೆ ವಿಪರೀತ ಖುಷಿ.

ಪ್ರೇಮಕಥೆ ಅಂದ ಮೇಲೆ ಕೈ ಹಿಡಿಯಲೇಬೇಕು, ಇಲ್ಲೂ ಹಿಡಿಯುತ್ತಾರೆ. ಸಂಗೀತ ಏರುತ್ತದೆ, ಅಕ್ಕನ ಮಗಳು ದಿಂಬು ಅಪ್ಪಿಕೊಳ್ಳುತ್ತಾಳೆ. ಅವ್ವ ಮಾತ್ರ, ಹೀಗೆ ಹಿಡಿದರೆ ಅವಳು ಮಾತಾಡುವುದು ಹೇಗೆ ಅಂದಳು. ನಾವು ಮೂವರೂ ಅವಳ ಕಡೆ ತಿರುಗಿದೆವು. ಕೈ ಹಿಡಿಯುವುದು ನಮಗೆ ಪ್ರೀತಿ, ಅವಳಿಗೆ ಬಾಯಿ ಮುಚ್ಚಿಸಿದ ಹಾಗೆ. ಜಾತ್ರೆಯಲ್ಲಿ, ರಸ್ತೆ ದಾಟುವಾಗ, ಪ್ರತಿಯೊಬ್ಬರೂ ಬಂದು ಅವಳ ಕೈ ಹಿಡಿಯುತ್ತಾರೆ, ಒಳ್ಳೆಯದಕ್ಕೇ. ಅಪ್ಪ ಸುಮ್ಮನೆ ಕೂತಿದ್ದರು. ಉಪವನ ಕೆರೆಯ ಕಡೆ ಸಂಜೆ ಅಡ್ಡಾಡಲು ಹೋದಾಗ ಅಪ್ಪ ಅವಳ ಕೈ ಹಿಡಿಯುವುದಿಲ್ಲ, ಸೆರಗಿನ ತುದಿ ಹಿಡಿದಿರುತ್ತಾರೆ. ಇಷ್ಟು ವರ್ಷ ಅದು ಹಳೆಯ ಕಾಲದವರ ಸಂಕೋಚ ಅಂತ ಎಲ್ಲರೂ ಚೇಷ್ಟೆ ಮಾಡುತ್ತಿದ್ದರು. ಅಪ್ಪ ಯಾರಿಗೂ ಕಾರಣ ಹೇಳಿರಲಿಲ್ಲ.

ಅನಿಮೆಯ 12 ಕಂತು ಮೂರು ರಾತ್ರಿಯಲ್ಲಿ ಮುಗಿಯಿತು. ಮೂಲ ಮಾಂಗಾದ ಕಥೆ ಅದಕ್ಕಿಂತ ಮುಂದೆ ಹೋಗುತ್ತದೆ. ಅವ್ವನಿಗೆ ಮುಂದೇನಾಯಿತು ಅಂತ ಬೇಕು, ಅಕ್ಕನ ಮಗಳು ಇಂಗ್ಲಿಷ್ ಅನುವಾದ ತಂದು ಚಿತ್ರ ತೋರಿಸಿ ಹೇಳುತ್ತಿದ್ದಾಳೆ.

ಆ ವಾರದ ಕೊನೆಗೇ ಪುಣೆಯಿಂದ ಒಬ್ಬ ಬಂದಿದ್ದ, ಎರಡನೇ ಭೇಟಿ. ಬೆಳಗಾವಿಯ ಕಡೆಯವರು. ಮೊದಲ ಸಲ ಬಂದಾಗ ಎಲ್ಲರಂತೆಯೇ ನನ್ನ ಮುಖ ನೋಡಿಯೇ ಅವ್ವನಿಗೆ ಮಾತು ಹೇಳಿ ಕಳಿಸಿದವನು. ಈ ಸಲ ಚಪ್ಪಲಿ ಬಿಡುವಾಗಲೇ, "ನಾ ಮಾತಾಡುವಾಗ ನಿಮ್ಮನ್ನ ನೋಡಬೇಕೋ, ಅವರನ್ನೋ?" ಅಂತ ಕೇಳಿದ. ಅವರನ್ನ, ಅಂದೆ. ಅವ್ವನ ಎದುರಿಗೆ ಕೂತು, ಯೂಟ್ಯೂಬಿನಲ್ಲಿ ನೋಡಿ ಕಲಿತ ಐದಾರು ಸನ್ನೆ ಮಾಡಿದ. ಎರಡು ತಪ್ಪು. ಅವ್ವ ಅವನ ಹೆಬ್ಬೆರಳನ್ನು ಹಿಡಿದು ಸರಿ ಜಾಗಕ್ಕೆ ತಂದಿಟ್ಟಳು. ಅಪ್ಪನಿಗೆ ಮತ್ತೆ ವಿಪರೀತ ಖುಷಿ.

ಕಿವುಡರಲ್ಲಿ ಹೆಸರು ಕೂಗುವುದಿಲ್ಲ, ಒಬ್ಬೊಬ್ಬರಿಗೆ ಒಂದು ಸನ್ನೆಯ ಹೆಸರು ಇರುತ್ತದೆ. ಅದನ್ನು ತಾನೇ ಇಟ್ಟುಕೊಳ್ಳುವ ಹಾಗಿಲ್ಲ, ಅವರು ನೋಡಿ, ತೂಗಿ, ಕೊಡಬೇಕು. ನನ್ನದು ಗದ್ದದ ಮೇಲಿನ ಗಾಯದ ಗುರುತು. ಅಪ್ಪನದು ಮೀಸೆಯಲ್ಲ, ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ರೊಟ್ಟಿ ಬಡಿಯುವ ಕೈ. ಇತ್ಸುವೊಮಿಗೆ ನಾಲ್ಕನೇ ಕಂತಿನಲ್ಲೇ ಹೆಸರು ಸಿಕ್ಕಿತ್ತು. ಆ ಹುಡುಗ ಮಾತುಮಾತಿಗೆ ಯುಕಿಯ ತಲೆ ಸವರುತ್ತಾನೆ, ಅವ್ವನಿಗೆ ಅದು ಅಷ್ಟು ಸೇರಲಿಲ್ಲ, ಅದನ್ನೇ ಹೆಸರು ಮಾಡಿದಳು. ಪುಣೆಯವನು ಹೊರಡುವಾಗ ನನ್ನ ಹೆಸರೇನು ಅಂತ ಅವ್ವನನ್ನು ಕೇಳಿದ, ಅವಳನ್ನೇ ನೋಡಿ. ಅವ್ವ ಅವನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಇನ್ನೂ ಇಲ್ಲ, ಅಂದಳು. ನಾನು ಅದನ್ನು ಅನುವಾದ ಮಾಡಬೇಕಾಗಲಿಲ್ಲ. ದೀಪಾವಳಿಗೆ ಮತ್ತೆ ಬರುತ್ತಾನಂತೆ.